ಆಸರೆಯೇ ಜಾರಿದರೆ? ಹಿರಿಯರ ಊರುಗೋಲು, ವಾಕರ್ ಮತ್ತು ನಮ್ಮ ಮನೆಗಳು

ಬೆಂಗಳೂರು: ಮನೆಯ ಹಿರಿಯರೊಬ್ಬರು ಒಮ್ಮೆ ಜಾರಿ ಬಿದ್ದರೆ ಸಾಕು, ವಾರದೊಳಗೆ ಮನೆಗೆ ಊರುಗೋಲು ಬರುತ್ತದೆ. ಬೀದಿ ತಿರುವಿನ ಔಷಧ ಅಂಗಡಿಯಿಂದ ಮಗ ಕೊಂಡು ತಂದದ್ದಿರಬಹುದು, ಹೊರದೇಶದಲ್ಲಿರುವ ಮಗಳು ಅಂತರಜಾಲ ಮಳಿಗೆಯಿಂದ ತರಿಸಿದ್ದಿರಬಹುದು, ಇಲ್ಲವೇ ತೀರಿಕೊಂಡ ತಾತನ ಕೋಲು ಅಟ್ಟದಿಂದ ಇಳಿದು ಅಜ್ಜಿಯ ಕೈ ಸೇರಿದ್ದಿರಬಹುದು. ತಂದುಕೊಟ್ಟವರಿಗೆ ಒಂದು ಹೊಣೆ ಮುಗಿದ ಸಮಾಧಾನ. ಆದರೆ ಆ ಕೋಲು ಹಿಡಿಯುವವರ ಎತ್ತರಕ್ಕೆ ಹೊಂದುತ್ತದೆಯೇ, ಅದನ್ನು ಯಾವ ಕೈಯಲ್ಲಿ ಹಿಡಿಯಬೇಕು, ಅದರ ತುದಿಯ ರಬ್ಬರ್ ಎಷ್ಟು ದಿನ ಬಾಳುತ್ತದೆ ಎಂದು ಕೇಳುವವರು ವಿರಳ. ಇನ್ನೊಬ್ಬರ ಕನ್ನಡಕ ಹಾಕಿಕೊಳ್ಳಲು ಯಾರೂ ಒಪ್ಪುವುದಿಲ್ಲ. ಇನ್ನೊಬ್ಬರ ಊರುಗೋಲನ್ನು ಮಾತ್ರ ಯಾವ ಅಳುಕೂ ಇಲ್ಲದೆ ಕೈಗಿಡುತ್ತೇವೆ.

ಈ ವರದಿಗಾರನ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಆರಡಿ ಎತ್ತರದ ತಾತನ ಬೆತ್ತದ ಕೋಲನ್ನು ಐದಡಿಯೂ ಇಲ್ಲದ ಅಜ್ಜಿ ಎರಡು ವರ್ಷ ಊರಿಕೊಂಡು ನಡೆದರು. ಹೆಜ್ಜೆ ಇಟ್ಟಾಗಲೆಲ್ಲ ಅವರ ಬಲಭುಜ ಕಿವಿಯವರೆಗೂ ಏರುತ್ತಿತ್ತು. ಭುಜ ನೋಯುತ್ತದೆ ಎಂದಾಗ ‘ವಯಸ್ಸಾಯಿತಲ್ಲ ಅಜ್ಜಿ’ ಎಂದು ಮುಲಾಮು ತಂದುಕೊಟ್ಟೆವೇ ಹೊರತು, ಕೋಲಿನ ಅಳತೆ ತಪ್ಪಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಮುಪ್ಪಿನಲ್ಲಿ ಬೀಳುವುದೆಂದರೆ ಮೊಣಕಾಲು ತರಚಿಕೊಂಡು ಎದ್ದು ಓಡುವ ಬಾಲ್ಯದ ಆಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಮಂದಿ ಬಿದ್ದ ಪೆಟ್ಟಿನಿಂದ ಸಾಯುತ್ತಾರೆ. ಈ ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು ಸಂಭವಿಸುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಆಕಸ್ಮಿಕ ಗಾಯಗಳಿಂದಾಗುವ ಸಾವಿಗೆ ರಸ್ತೆ ಅಪಘಾತ ಮೊದಲ ಕಾರಣವಾದರೆ ಬೀಳುವುದು ಎರಡನೆಯದು. ಅದಕ್ಕೆ ಅತಿ ಹೆಚ್ಚು ಬಲಿಯಾಗುವವರು 60 ದಾಟಿದವರು. ಸವೆದ ಮೂಳೆ ಒಮ್ಮೆ ಮುರಿದರೆ, ವಿಶೇಷವಾಗಿ ಸೊಂಟದ ಬಳಿ ತೊಡೆಮೂಳೆಯ ಕತ್ತು ಮುರಿದರೆ, ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಆಮೇಲೆ ಬರುವುದು ಶ್ವಾಸಕೋಶದ ಸೋಂಕು, ಬೆನ್ನ ಹುಣ್ಣು, ಕಾಲಿನಲ್ಲಿ ಹೆಪ್ಪುಗಟ್ಟುವ ರಕ್ತ. ಹೀಗೆ ಸೊಂಟ ಮುರಿದುಕೊಂಡ ವೃದ್ಧರಲ್ಲಿ ಸರಿಸುಮಾರು ಐವರಲ್ಲೊಬ್ಬರು ವರ್ಷದೊಳಗೆ ಕಣ್ಣು ಮುಚ್ಚುತ್ತಾರೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. 2011ರ ಜನಗಣತಿಯ ವೇಳೆಗೇ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರ ಪ್ರಮಾಣ ಶೇ 9.5ರಷ್ಟಿತ್ತು. ಅಲ್ಲಿಂದೀಚೆಗೆ ಅದು ಏರಿದೆಯೇ ಹೊರತು ಇಳಿದಿಲ್ಲ.

ಹಾಗಾದರೆ ಆಸರೆಯ ಸಾಧನಗಳು ಈ ಅಪಾಯವನ್ನು ತಪ್ಪಿಸುವುದಿಲ್ಲವೇ? ತಪ್ಪಿಸುತ್ತವೆ, ಆದರೆ ತಾವಾಗಿಯೇ ಅಲ್ಲ. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ 2001ರಿಂದ 2006ರವರೆಗೆ ಬಂದ 65 ದಾಟಿದ ಗಾಯಾಳುಗಳ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ಣು ತೆರೆಸುವಂಥದ್ದು. ಊರುಗೋಲು ಅಥವಾ ವಾಕರ್‌ಗೆ ಸಂಬಂಧಿಸಿ ಬಿದ್ದು ಗಾಯಗೊಂಡವರ ಸಂಖ್ಯೆ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 47,312 ಎಂದು ಅದು ಲೆಕ್ಕ ಹಾಕಿತು. ಈ ಪೈಕಿ ಶೇ 87ರಷ್ಟು ಪ್ರಕರಣಗಳು ವಾಕರ್‌ಗೆ, ಶೇ 12ರಷ್ಟು ಊರುಗೋಲಿಗೆ ಸೇರಿದ್ದವು. ಅಂದರೆ ನಾಲ್ಕು ಕಾಲಿನ, ನೋಡಲು ಗಟ್ಟಿಮುಟ್ಟಾದ ಸಾಧನದ ಪಾಲೇ ಏಳು ಪಟ್ಟು! ಇದರಿಂದ ವಾಕರ್ ಕೆಟ್ಟದ್ದು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ವಾಕರ್ ಹಿಡಿಯುವವರು ಮೊದಲೇ ಹೆಚ್ಚು ದುರ್ಬಲರಾಗಿರುತ್ತಾರೆ, ಅವರು ಬೀಳುವ ಸಂಭವವೂ ಹೆಚ್ಚು. ಆದರೂ ‘ವಾಕರ್ ಇದೆಯಲ್ಲ, ಇನ್ನೇನು ಭಯ’ ಎಂಬ ನಂಬಿಕೆ ಎಷ್ಟು ಟೊಳ್ಳು ಎಂಬುದಕ್ಕೆ ಈ ಅಂಕಿ ಸಾಕ್ಷಿ.

ಕೋಲಿಗೂ ಅಳತೆಯುಂಟು

ಊರುಗೋಲಿನ ಅಳತೆ ನೋಡಲು ದೊಡ್ಡ ಪರಿಣತಿ ಬೇಕಿಲ್ಲ. ಹಿರಿಯರು ಮನೆಯಲ್ಲಿ ಸಾಮಾನ್ಯವಾಗಿ ಮೆಟ್ಟುವ ಪಾದರಕ್ಷೆಯನ್ನೇ ಮೆಟ್ಟಿ ನೇರವಾಗಿ ನಿಲ್ಲಬೇಕು, ತೋಳುಗಳನ್ನು ಸಡಿಲವಾಗಿ ಇಳಿಬಿಡಬೇಕು. ಆಗ ಮಣಿಕಟ್ಟಿನ ಮಡಿಕೆ ಎಲ್ಲಿಗೆ ಬರುತ್ತದೆಯೋ ಕೋಲಿನ ಹಿಡಿ ಅಲ್ಲಿಗಿರಬೇಕು. ಕೋಲನ್ನು ಹಿಡಿದಾಗ ಮೊಣಕೈ ತುಸು ಬಾಗಿರಬೇಕು, ಸುಮಾರು 20ರಿಂದ 30 ಡಿಗ್ರಿಯಷ್ಟು. ಕೋಲು ಉದ್ದವಾದರೆ ಭುಜ ಮೇಲೇರುತ್ತದೆ, ಭಾರ ಕೋಲಿಗೆ ಇಳಿಯುವುದೇ ಇಲ್ಲ. ಗಿಡ್ಡವಾದರೆ ದೇಹ ಮುಂದಕ್ಕೆ ಬಾಗಿ, ಮೊದಲೇ ಇರುವ ಗೂನು ಇನ್ನಷ್ಟು ಹೆಚ್ಚುತ್ತದೆ. ಇಂದು ಮಾರುಕಟ್ಟೆಯಲ್ಲಿ ಸಿಗುವ ಅಲ್ಯೂಮಿನಿಯಂ ಕೋಲುಗಳಲ್ಲಿ ಗುಂಡಿ ಒತ್ತಿ ಎತ್ತರ ಬದಲಿಸುವ ತೂತುಗಳಿರುತ್ತವೆ. ಆ ಗುಂಡಿ ತೂತಿನಿಂದ ಪೂರ್ತಿ ಹೊರಕ್ಕೆ ಚಿಮ್ಮಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಲೇಬೇಕು. ಅರ್ಧ ಕೂತ ಗುಂಡಿ ಭಾರ ಬಿದ್ದಾಗ ಒಳಸರಿದರೆ, ಕೋಲು ಕುಸಿಯುವುದು ಕ್ಷಣಾರ್ಧದಲ್ಲಿ.

ಬಹುತೇಕರು ಎಡವುವುದು ಎರಡನೆಯ ಪ್ರಶ್ನೆಯಲ್ಲಿ. ಎಡಗಾಲು ನೋಯುತ್ತಿದ್ದರೆ ಕೋಲು ಯಾವ ಕೈಯಲ್ಲಿರಬೇಕು? ನೋವಿರುವ ಕಡೆಯೇ ಎಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಅದು ತಪ್ಪು. ಕೋಲು ಬಲಗೈಯಲ್ಲಿರಬೇಕು. ನಾವು ನಡೆಯುವಾಗ ಎಡಗಾಲಿನೊಂದಿಗೆ ಬಲಗೈ ಮುಂದೆ ಬರುತ್ತದೆ. ನೋವಿನ ಕಾಲು ಮತ್ತು ಎದುರುಗೈಯ ಕೋಲು ಒಟ್ಟಿಗೇ ನೆಲ ಮುಟ್ಟಿದರೆ ದೇಹದ ಭಾರ ಎರಡಕ್ಕೂ ಹಂಚಿಹೋಗುತ್ತದೆ, ಸೊಂಟದ ಕೀಲಿನ ಮೇಲಿನ ಒತ್ತಡ ಇಳಿಯುತ್ತದೆ. ನೋವಿನ ಕಡೆಯೇ ಕೋಲು ಹಿಡಿದರೆ ದೇಹ ಅದೇ ಕಾಲಿನ ಮೇಲೆ ವಾಲುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ನಂತರ ಕೋಲು ಮತ್ತು ನೋವಿನ ಕಾಲು. ಇಳಿಯುವಾಗ ಇದರ ತಿರುವುಮುರುವು: ಕೋಲು ಮತ್ತು ನೋವಿನ ಕಾಲು ಮೊದಲು, ಗಟ್ಟಿ ಕಾಲು ಆಮೇಲೆ. ಕಟಕಟೆ ಇದ್ದರೆ ಒಂದು ಕೈ ಅದರ ಮೇಲಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಮೂರು ಅಥವಾ ನಾಲ್ಕು ಪಾದಗಳಿರುವ ಕೋಲು ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ವರವೇ ಸರಿ. ಆದರೆ ಅದರ ಬುಡಕ್ಕೆ ಒಳಗು, ಹೊರಗು ಎಂಬ ಭೇದವುಂಟು. ಚಪ್ಪಟೆಯಾದ ಬದಿ ನಡೆಯುವವರ ಕಡೆಗಿರಬೇಕು, ಚಾಚಿದ ಪಾದಗಳು ಹೊರಕ್ಕಿರಬೇಕು. ತಿರುವಿ ಹಿಡಿದರೆ ಆ ಪಾದಗಳಿಗೇ ಕಾಲು ತೊಡರುತ್ತದೆ. ಅಲ್ಲದೆ ಎಲ್ಲ ಪಾದಗಳೂ ಏಕಕಾಲಕ್ಕೆ ನೆಲ ಮುಟ್ಟದ ಹೊರತು ಅದು ಒಂಟಿ ಕೋಲಿಗಿಂತ ಅಪಾಯಕಾರಿ. ಹೆಂಚು ಕಿತ್ತುಹೋದ ಪಾದಚಾರಿ ಮಾರ್ಗದಲ್ಲಿ, ಕಿರಿದಾದ ಮೆಟ್ಟಿಲಿನಲ್ಲಿ ಅದು ಓಲಾಡುತ್ತದೆ.

ಇನ್ನು ಕಂಕುಳಿಗೆ ಕೊಟ್ಟು ನಡೆಯುವ ಊರುಗೋಲುಗಳ ಕತೆ. ಹೆಸರು ಕಂಕುಳದ್ದಾದರೂ ಭಾರ ಹೊರಬೇಕಾದದ್ದು ಅಂಗೈ. ಕಂಕುಳಿಗೂ ಕೋಲಿನ ಮೇಲ್ತುದಿಗೂ ಎರಡು ಮೂರು ಬೆರಳು ಹಿಡಿಯುವಷ್ಟು ಅಂತರವಿರಬೇಕು. ಸುಸ್ತಾಯಿತೆಂದು ಕಂಕುಳನ್ನೇ ಅದರ ಮೇಲೆ ಹೇರಿ ನಿಂತರೆ ತೋಳಿಗೆ ಹೋಗುವ ನರ ಒತ್ತಿ, ಮುಂಗೈ ಜೋಮು ಹಿಡಿದು ಸೋಲಬಹುದು.

ಸವೆದ ರಬ್ಬರ್, ನುಣುಪಾದ ನೆಲ

ಇಡೀ ಊರುಗೋಲಿನಲ್ಲಿ ಅತಿ ಅಗ್ಗದ ಭಾಗ ಅದರ ತುದಿಯ ರಬ್ಬರ್ ಬುಷ್. ಜೀವ ನಿಂತಿರುವುದು ಅದರ ಮೇಲೆಯೇ. ಹೊಸ ಬುಷ್‌ನ ಅಡಿಯಲ್ಲಿ ಉಂಗುರಗಳಂಥ ಗೆರೆಗಳಿರುತ್ತವೆ. ವಾಹನದ ಟೈರಿನ ಗೆರೆಗಳಂತೆ ನೆಲವನ್ನು ಕಚ್ಚಿ ಹಿಡಿಯುವುದು ಇವೇ. ಗೆರೆಗಳು ಸವೆದು ನುಣ್ಣಗಾದರೆ, ಒಂದು ಬದಿ ಮಾತ್ರ ತೇಯ್ದುಹೋದರೆ, ಅಥವಾ ರಬ್ಬರ್ ಬಿರಿದು ಒಳಗಿನ ಕೊಳವೆ ನೆಲಕ್ಕೆ ತಾಗತೊಡಗಿದರೆ ಆ ಕೋಲು ಗಾಜಿನ ಮೇಲಿಟ್ಟ ಕಂಬದಂತೆ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಹಾಸಿದ ನೆಲದಲ್ಲಿ ನಾಲ್ಕು ಹನಿ ನೀರು ಬಿದ್ದರೆ ಮುಗಿಯಿತು. ಬುಷ್‌ಗಳು ಬೇರೆ ಬೇರೆ ಒಳ ಅಳತೆಗಳಲ್ಲಿ ಬರುವುದರಿಂದ ಕೋಲನ್ನೇ ಅಂಗಡಿಗೆ ಒಯ್ದು ಬಿಗಿಯಾಗಿ ಕೂರುವುದನ್ನು ಕೊಳ್ಳುವುದು ಲೇಸು. ಸಡಿಲವಾದದ್ದಕ್ಕೆ ಕಾಗದ ಸುತ್ತಿ ತೂರಿಸುವ ಜಾಣತನ ಬೇಡ. ವಾಕರ್‌ಗೆ ಇಂತಹ ಬುಷ್‌ಗಳು ನಾಲ್ಕು. ಒಂದು ಹೋಯಿತೆಂದು ಒಂದನ್ನೇ ಬದಲಿಸಿದರೆ ನಾಲ್ಕು ಕಾಲುಗಳ ಎತ್ತರ ಹೆಚ್ಚುಕಡಿಮೆಯಾಗಿ ವಾಕರ್ ಕುಂಟುತ್ತದೆ.

ವಾಕರ್ ಬಳಕೆಯಲ್ಲಿ ನಮ್ಮ ಮನೆಗಳಲ್ಲಿ ಪದೇ ಪದೇ ನಡೆಯುವ ಪ್ರಮಾದವೊಂದಿದೆ. ಕುರ್ಚಿಯಲ್ಲೋ ಮಂಚದ ಅಂಚಿನಲ್ಲೋ ಕುಳಿತವರು ಎದುರಿಗಿರುವ ವಾಕರನ್ನು ಎರಡೂ ಕೈಗಳಿಂದ ಎಳೆದುಕೊಂಡು ಏಳಲು ಯತ್ನಿಸುತ್ತಾರೆ. ಕೆಲವೇ ಕಿಲೋ ತೂಗುವ ಅಲ್ಯೂಮಿನಿಯಂ ಚೌಕಟ್ಟು ಅರವತ್ತು ಎಪ್ಪತ್ತು ಕಿಲೋದ ದೇಹವನ್ನು ಎಳೆದು ನಿಲ್ಲಿಸೀತೇ? ಅದೇ ಮಗುಚಿ ಅವರ ಮೇಲೆ ಬೀಳುತ್ತದೆ. ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಸ್ಥಿರವಾಗಿ ನಿಂತ ಮೇಲೆ ವಾಕರ್ ಹಿಡಿಯಬೇಕು. ಕೂರುವಾಗಲೂ ಅಷ್ಟೇ: ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗುವವರೆಗೆ ಹಿಂದೆ ಸರಿದು, ಒಂದೊಂದೇ ಕೈಯನ್ನು ಕುರ್ಚಿಗೆ ತಂದು ಕೂರಬೇಕು. ನಡೆಯುವಾಗ ನಾಲ್ಕೂ ಕಾಲು ನೆಲ ಮುಟ್ಟಿದ ಮೇಲಷ್ಟೇ ಹೆಜ್ಜೆ. ವಾಕರನ್ನು ತೋಳಿನಳತೆಗೆ ದೂಡಿ ಅದರ ಹಿಂದೆ ಓಡುವಂತೆ ನಡೆಯುವುದು, ಮುಂಭಾಗಕ್ಕೆ ತರಕಾರಿ ಚೀಲ ತೂಗುಹಾಕುವುದು, ಮಡಚುವ ಮಾದರಿಯಲ್ಲಿ ‘ಟಕ್’ ಎಂಬ ಸದ್ದು ಕೇಳುವ ಮೊದಲೇ ಭಾರ ಹಾಕುವುದು ಇವೆಲ್ಲ ಬೀಳುವ ದಾರಿಗಳೇ.

ನಾಲ್ಕು ಗಾಲಿ, ಕೈ ಬ್ರೇಕು ಮತ್ತು ಪುಟ್ಟ ಆಸನವಿರುವ ರೋಲೇಟರ್ ಎಂಬ ಸಾಧನ ಈಗ ನಗರಗಳಲ್ಲಿ ಕಾಣುತ್ತಿದೆ. ದೂರ ನಡೆದರೆ ಏದುಸಿರು ಬರುವವರಿಗೆ ಅದು ಅನುಕೂಲ. ಆದರೆ ಪೂರ್ತಿ ಭಾರ ಹಾಕಿ ನಡೆಯಬೇಕಾದವರ ಕೈಗೆ ಅದನ್ನು ಕೊಡುವುದೆಂದರೆ ಇಳಿಜಾರಿನಲ್ಲಿ ಬಂಡಿ ಬಿಟ್ಟಂತೆ. ಆ ಆಸನದ ಮೇಲೆ ಅಜ್ಜಿಯನ್ನು ಕೂರಿಸಿ ಮೊಮ್ಮಕ್ಕಳು ತಳ್ಳಿಕೊಂಡು ಹೋಗುವುದನ್ನೂ ಉದ್ಯಾನಗಳಲ್ಲಿ ನೋಡಬಹುದು. ಅದು ಬ್ರೇಕ್ ಬಿಗಿದು ನಿಂತಲ್ಲೇ ದಣಿವಾರಿಸಿಕೊಳ್ಳಲು ಇಟ್ಟ ಆಸನ, ಸವಾರಿಗೆ ಇಟ್ಟದ್ದಲ್ಲ.

ಹೊಸ್ತಿಲು, ಕಾಲೊರಸು, ಬಚ್ಚಲು

ಇಷ್ಟೆಲ್ಲ ಸರಿಯಿದ್ದರೂ ಸಾಧನ ಓಡಾಡಬೇಕಾದದ್ದು ಮನೆಯೊಳಗೆ. ನಮ್ಮ ಮನೆಗಳಾದರೋ ಊರುಗೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವಲ್ಲ. ಬಾಗಿಲಿಗೊಂದು ಹೊಸ್ತಿಲು. ಅದರ ಎರಡೂ ಬದಿಗೆ ಜಾರುವ ಕಾಲೊರಸು. ನೀರು ಹೊರಗೆ ಬಾರದಿರಲೆಂದು ಸ್ನಾನಗೃಹದ ನೆಲವನ್ನು ಒಂದೆರಡು ಅಂಗುಲ ತಗ್ಗಿಸಿರುತ್ತಾರೆ. ವಾಕರನ್ನು ಎತ್ತಿ ಆ ತಗ್ಗಿಗೆ ಇಳಿಸುವ ಕ್ಷಣದಲ್ಲಿ ಮುಂದಿನ ಎರಡು ಕಾಲು ಕೆಳಗೆ, ಹಿಂದಿನ ಎರಡು ಮೇಲೆ. ದೇಹ ಮುಂದಕ್ಕೆ ವಾಲಲು ಇನ್ನೇನು ಬೇಕು? ಎಷ್ಟೋ ಮನೆಗಳಲ್ಲಿ ಬಚ್ಚಲ ಬಾಗಿಲು ಎರಡೂವರೆ ಅಡಿಯನ್ನೂ ದಾಟುವುದಿಲ್ಲ. ವಾಕರ್ ಹಿಡಿಸದೆ ಹಿರಿಯರು ಅದನ್ನು ಹೊರಗೇ ಬಿಟ್ಟು, ಅತಿ ಹೆಚ್ಚು ಆಸರೆ ಬೇಕಾದ ಜಾಗಕ್ಕೆ ಬರಿಗೈಯಲ್ಲಿ ಹೋಗುತ್ತಾರೆ. ಒಳಗೆ ಹೋದವರು ಆಧಾರಕ್ಕೆ ಹಿಡಿಯುವುದು ಟವೆಲ್ ತೂಗುಹಾಕುವ ಸರಳನ್ನು, ನಲ್ಲಿಯನ್ನು, ಇಲ್ಲವೇ ವಾಶ್‌ಬೇಸಿನ್ನನ್ನು. ಇವು ಯಾವುವೂ ಮನುಷ್ಯನ ಭಾರ ಹೊರಲು ಕೂರಿಸಿದವಲ್ಲ.

ಇಲ್ಲಿ ಬೇಕಾದದ್ದು ಗೋಡೆಯೊಳಕ್ಕೆ ತಿರುಪು ಇಳಿಸಿ ಬಿಗಿದ ಉಕ್ಕಿನ ಹಿಡಿಕಂಬಿ: ಕಮೋಡ್‌ನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು. ಗೋಡೆ ಕೊರೆಯದೆಯೇ ಗಾಳಿಯ ಹೀರಿಕೆಯಿಂದ ಟೈಲ್ಸ್‌ಗೆ ಅಂಟಿಕೊಳ್ಳುವ ಹಿಡಿಕೆಗಳು ಅಗ್ಗವಾಗಿ ಸಿಗುತ್ತವೆ, ಬಾಡಿಗೆ ಮನೆಯವರಿಗೆ ಆಕರ್ಷಕವೂ ಹೌದು. ಆದರೆ ಟೈಲ್ಸ್‌ನ ಸಂದಿಯ ಮೇಲೆ ಕೂತರೆ, ಸಾಬೂನಿನ ಜಿಡ್ಡು ಸೇರಿದರೆ ಅವು ಸದ್ದಿಲ್ಲದೆ ಬಿಟ್ಟುಕೊಳ್ಳುತ್ತವೆ. ಸಮತೋಲಕ್ಕೆ ಬೆರಳಿಡಲು ಸರಿ, ಭಾರ ಹೇರಲು ಸಲ್ಲ. ಸ್ನಾನಕ್ಕೆಂದು ಹಜಾರದ ಪ್ಲಾಸ್ಟಿಕ್ ಕುರ್ಚಿಯನ್ನು ಒಳಗೆ ಹಾಕುವ ರೂಢಿಯೂ ಅಷ್ಟೇ ಅಪಾಯಕರ. ನುಣುಪು ಕಾಲುಗಳ ಆ ಕುರ್ಚಿ ಒದ್ದೆ ನೆಲದಲ್ಲಿ ಕಾಲು ಚೆಲ್ಲುತ್ತದೆ. ರಬ್ಬರ್ ಪಾದಗಳಿರುವ, ಸ್ನಾನಕ್ಕೆಂದೇ ಮಾಡಿದ ಕುರ್ಚಿ ಮಾರುಕಟ್ಟೆಯಲ್ಲಿದೆ.

ಉಡುಪಿನ ಮಾತನ್ನೂ ಬಿಡುವಂತಿಲ್ಲ. ನೆಲ ಗುಡಿಸುವ ಸೀರೆಯ ನೆರಿಗೆ, ಸಡಿಲಗೊಂಡ ಪಂಚೆ, ಹಿಮ್ಮಡಿ ಹಿಡಿಯದ ಹವಾಯಿ ಚಪ್ಪಲಿ ಮೂರೂ ವಾಕರಿನ ಕಾಲಿಗೆ ಸಿಕ್ಕಿಕೊಳ್ಳಬಲ್ಲವು. ರಾತ್ರಿ ಮೂತ್ರಕ್ಕೆ ಏಳುವ ಹೊತ್ತು ಎಲ್ಲಕ್ಕಿಂತ ಕಠಿಣ. ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತುವುದುಂಟು. ದೀಪದ ಸ್ವಿಚ್ಚು ಕೋಣೆಯ ಆಚೆ ತುದಿಯಲ್ಲಿ, ಕೋಲು ಬಾಗಿಲ ಹಿಂದೆ ಇರುತ್ತದೆ. ಸಾಧನ ಹಾಸಿಗೆಯಿಂದ ಕೈಗೆಟಕುವಂತಿರಬೇಕು, ಮಂಚದ ಬಳಿ ಸಣ್ಣ ದೀಪವಿರಬೇಕು, ಎದ್ದು ಕೂತು ಒಂದು ನಿಮಿಷ ಕಳೆದ ಮೇಲೆ ನಿಲ್ಲಬೇಕು.

ಗಾಲಿಕುರ್ಚಿಯಲ್ಲಿ ನಡೆಯುವ ಅವಘಡಗಳಲ್ಲಿ ಹೆಚ್ಚಿನವು ಹತ್ತುವಾಗ ಮತ್ತು ಇಳಿಯುವಾಗ ಆಗುವಂಥವು. ಪಾದ ಇಡುವ ಹಲಗೆಯ ಮೇಲೆ ನಿಂತು ಏಳಲು ಹೋದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಮೊದಲು ಎರಡೂ ಬ್ರೇಕ್, ಆಮೇಲೆ ಹಲಗೆ ಮೇಲಕ್ಕೆ, ಅನಂತರ ಪಾದ ನೆಲಕ್ಕೆ. ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಗಾಲಿಕುರ್ಚಿಯ ಬ್ರೇಕ್ ಎಂದರೆ ಟೈರನ್ನು ಒತ್ತಿ ಹಿಡಿಯುವ ಸಲಾಕೆ. ಟೈರಿನಲ್ಲಿ ಗಾಳಿ ಇಳಿದರೆ ಬ್ರೇಕ್ ಹಾಕಿದ್ದರೂ ಚಕ್ರ ತಿರುಗುತ್ತದೆ. ತಿಂಗಳುಗಟ್ಟಲೆ ಗಾಳಿ ಕಾಣದ ಕುರ್ಚಿಗಳು ಎಷ್ಟೋ ಮನೆಗಳಲ್ಲಿವೆ. ಮೆಟ್ಟಿಲ ಮೇಲೆ ಹಲಗೆ ಇಟ್ಟು ಮಾಡಿದ ಕಡಿದಾದ ಇಳಿಜಾರೂ ಅಷ್ಟೇ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಸಾರ್ವಜನಿಕ ಕಟ್ಟಡಗಳಿಗಿರುವ ಮಾನದಂಡ. ಮನೆಗೂ ಅದೇ ಲೆಕ್ಕ ಸಲ್ಲುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಇಬ್ಬರು ಹಿಡಿದು ಇಳಿಸುವುದೇ ಮೇಲು.

ಮಂಚದಿಂದ ಉರುಳದಿರಲೆಂದು ಹಾಕುವ ಪಕ್ಕದ ಕಂಬಿಗಳದ್ದು ಇನ್ನೊಂದು ಬಗೆಯ ಆತಂಕ. ಹಾಸಿಗೆಗೂ ಕಂಬಿಗೂ ನಡುವಿನ ಸಂದಿಯಲ್ಲಿ ದೇಹವೋ ಕುತ್ತಿಗೆಯೋ ಸಿಲುಕಿ ಉಸಿರುಗಟ್ಟಿದ ಸಾವುಗಳ ಹಿನ್ನೆಲೆಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2023ರಲ್ಲಿ ಇಂತಹ ಕಂಬಿಗಳಿಗೆ ಕಡ್ಡಾಯ ಮಾನದಂಡ ರೂಪಿಸಿತು. ಮರೆವಿನ ಕಾಯಿಲೆ ಇರುವವರ ಮಂಚಕ್ಕೆ ಕಂಬಿ ಜೋಡಿಸುವ ಮುನ್ನ ವೈದ್ಯರನ್ನು ಕೇಳುವುದು ಕ್ಷೇಮ. ಮಂಚವನ್ನೇ ತಗ್ಗಿಸುವುದು ಹಲವು ವೇಳೆ ಅದಕ್ಕಿಂತ ಸರಳ ಪರಿಹಾರ.

ಕಾನೂನು ಏನು ಹೇಳುತ್ತದೆ?

ಊರುಗೋಲೂ ಒಂದು ವೈದ್ಯಕೀಯ ಸಾಧನ ಎಂದರೆ ಅನೇಕರು ಹುಬ್ಬೇರಿಸಬಹುದು. ಕೇಂದ್ರ ಸರ್ಕಾರದ 2020ರ ಫೆಬ್ರವರಿ ಅಧಿಸೂಚನೆಯಂತೆ, ಆ ವರ್ಷದ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧಗಳ ಕಾನೂನಿನ ವ್ಯಾಪ್ತಿಗೆ ಬಂದವು. ಗಾಯ ಅಥವಾ ಅಂಗವೈಕಲ್ಯಕ್ಕೆ ನೆರವಾಗುವ ಉಪಕರಣಗಳೂ ಅದರ ವ್ಯಾಖ್ಯೆಯೊಳಗಿವೆ. ಆದರೆ ಊರುಗೋಲು, ವಾಕರ್‌ನಂಥವು ಸಾಮಾನ್ಯವಾಗಿ ಅತಿ ಕಡಿಮೆ ಅಪಾಯದ ‘ಎ’ ವರ್ಗಕ್ಕೆ ಸೇರುತ್ತವೆ. ಈ ವರ್ಗದಲ್ಲಿ ರೋಗಾಣುಮುಕ್ತಗೊಳಿಸಬೇಕಿಲ್ಲದ, ಅಳತೆಯ ಕೆಲಸವಿಲ್ಲದ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ತಯಾರಕರು ತಾವೇ ನೋಂದಾಯಿಸಿಕೊಂಡರೆ ಸಾಕು. ನೂರು ಕಿಲೋ ಹೊರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ತಯಾರಕರ ಮಾತು ಎಂದೇ ಕೊಳ್ಳುವವರು ತಿಳಿಯಬೇಕು. ಭಾರದ ಮಿತಿ, ತಯಾರಕರ ವಿಳಾಸ, ತಯಾರಾದ ದೇಶ ಯಾವುದನ್ನೂ ನಮೂದಿಸದ ಸಾಧನವನ್ನು, ಬೆಲೆ ಎಷ್ಟೇ ಕಡಿಮೆಯಿರಲಿ, ಕೊಳ್ಳದಿರುವುದೇ ಒಳಿತು.

ಬಡ ಹಿರಿಯರಿಗಾಗಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು 2017ರ ಏಪ್ರಿಲ್ 1ರಂದು ಆಂಧ್ರದ ನೆಲ್ಲೂರಿನಲ್ಲಿ ಆರಂಭಿಸಿತು. ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣ ಸಾಧನ, ಕನ್ನಡಕ, ದಂತಪಂಕ್ತಿಗಳನ್ನು ಶಿಬಿರಗಳ ಮೂಲಕ ಉಚಿತವಾಗಿ ವಿತರಿಸುವ ಈ ಯೋಜನೆಯ ಹೊಣೆ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊದ್ದು. ಕೊಟ್ಟ ಸಾಧನಗಳಿಗೆ ಒಂದು ವರ್ಷ ಉಚಿತ ನಿರ್ವಹಣೆಯೂ ಯೋಜನೆಯ ಭಾಗ. ಯೋಜನೆ ಶ್ಲಾಘನೀಯವೇ. ಆದರೆ ರಬ್ಬರ್ ಸವೆಯುವುದು, ಮೈ ಕುಗ್ಗಿ ಅಳತೆ ಬದಲಾಗುವುದು, ಒಂದು ಕೋಲು ಸಾಲದೆ ವಾಕರ್ ಬೇಕಾಗುವುದು ವರ್ಷ ಕಳೆದ ಮೇಲೆಯೇ. ಶಿಬಿರದಲ್ಲಿ ಕೊಟ್ಟದ್ದನ್ನು ಊರಿನಲ್ಲೇ ಮರುಪರಿಶೀಲಿಸುವ ವ್ಯವಸ್ಥೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಹಣ ಕೊಟ್ಟು ಕೊಳ್ಳುವ ನಗರದ ಮಧ್ಯಮ ವರ್ಗದವರಿಗೂ ಇದೇ ಮಾತು: ಸಾವಿರಾರು ರೂಪಾಯಿಯ ವಾಕರ್ ಕೊಂಡವರು ಅದನ್ನು ಹೊಂದಿಸಿ ನಡೆಯಲು ಕಲಿಸುವ ಭೌತಚಿಕಿತ್ಸಕರಿಗೆ ಒಂದು ಭೇಟಿಯ ಶುಲ್ಕ ಕೊಡಲು ಹಿಂಜರಿಯುತ್ತಾರೆ.

ಅಂದ ಹಾಗೆ, ಸರಿಯಾದ ಕೋಲು ಮನೆಯಲ್ಲಿದ್ದೂ ಮೂಲೆ ಸೇರಿರುವ ಪ್ರಸಂಗಗಳೇನೂ ಕಡಿಮೆಯಲ್ಲ. ನೆಂಟರೆದುರು ಕೋಲು ಹಿಡಿಯಲು ಸಂಕೋಚ, ಮದುವೆ ಮನೆಗೆ ವಾಕರ್ ಒಯ್ಯಲು ನಾಚಿಕೆ. ನಿವೃತ್ತ ಮೇಷ್ಟರಿಗೆ ಅದು ಸೋಲೊಪ್ಪಿಕೊಂಡಂತೆ. ಗದರಿದರೆ ಹಟ ಹೆಚ್ಚುತ್ತದೆ. ಬಣ್ಣ, ಹಿಡಿಯ ಆಕಾರ, ಮರವೋ ಲೋಹವೋ ಎಂಬುದನ್ನು ಅವರೇ ಅಂಗಡಿಯಲ್ಲಿ ಹಿಡಿದು ನೋಡಿ ಆರಿಸಿದರೆ ಬಳಸುವ ಸಾಧ್ಯತೆ ಹೆಚ್ಚು.

ಸಾಧನ ಮುರಿದು ಅಥವಾ ಕುಸಿದು ಪೆಟ್ಟಾದರೆ ಅದನ್ನು ಗುಜರಿಗೆ ಹಾಕಬಾರದು. ಮುರಿದ ಭಾಗ, ರಸೀದಿ, ಡಬ್ಬಿ ಮತ್ತು ಛಾಯಾಚಿತ್ರಗಳನ್ನು ಇಟ್ಟುಕೊಳ್ಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕರನ್ನೂ ಮಾರಾಟಗಾರರನ್ನೂ ಹೊಣೆಯಾಗಿಸುವ ಅವಕಾಶ ನೀಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸಲು 2015ರಿಂದ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದಡಿ ಪ್ರತ್ಯೇಕ ಕಾರ್ಯಕ್ರಮವೇ ಇದ್ದು, ವೈದ್ಯರಷ್ಟೇ ಅಲ್ಲದೆ ರೋಗಿಗಳ ಮನೆಯವರೂ ವರದಿ ಸಲ್ಲಿಸಬಹುದು. ವಯೋಶ್ರೀ ಶಿಬಿರಗಳೂ ಸೇರಿದಂತೆ ಹಿರಿಯರಿಗಿರುವ ಸವಲತ್ತುಗಳ ಮಾಹಿತಿಗೆ ಎಲ್ಡರ್‌ಲೈನ್ ಸಹಾಯವಾಣಿ 14567 ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಮಾಡಬಹುದು, ಕರೆ ಉಚಿತ.